ಹೋಗ್ತೈತಿ, ಬರ್ಲಿ!

ನಮ್ಮ ಕೊಟ್ಟೂರಿನಲ್ಲಿ ಒಂದು ಲಾರಿ ಹಿಂದಕ್ಕೆ ಬರುತ್ತಿದ್ದರೆ ಬೀದಿಯಲ್ಲಿ ಯಾರೂ ಕೈಕಟ್ಟಿ ನಿಲ್ಲುವುದಿಲ್ಲ. ಚಹಾ ಕುಡಿಯುವವರು ಲೋಟ ಹಿಡಿದೇ ಎದ್ದು ಬರುತ್ತಾರೆ. ಕಟಿಂಗ್ ಅಂಗಡಿಯಿಂದ ಅರ್ಧ ಗಡ್ಡ ಬೋಳಿಸಿಕೊಂಡವರೂ ಇಣುಕುತ್ತಾರೆ. ಎಲ್ಲರೂ ಒಟ್ಟಿಗೆ ಕೈ ಬೀಸುತ್ತಾ, "ಬರ್ಲಿ, ಬರ್ಲಿ, ಇನ್ನಾ ಜಾಗ ಐತಿ" ಎಂದು ಕೂಗುತ್ತಾರೆ. ಡ್ರೈವರ್ ಯಾರ ಕೈ ನೋಡಬೇಕು ಎನ್ನುವುದು ಅವನ ಹಣೆಬರಹ.

ಈ ಕೈಗಳಿಗೆಲ್ಲ ಗುರು ನಮ್ಮ ಅಬ್ಬಾ. ಕೂಡ್ಲಿಗಿ ರಸ್ತೆಯಲ್ಲಿ ಅವರದೊಂದು ಗ್ಯಾರೇಜು. ಮನೆಯಲ್ಲಿ ನಾವು ಆಡುವುದು ಉರ್ದು. ಗ್ಯಾರೇಜಿನಲ್ಲಿ, ಅದರಲ್ಲೂ ಬೈಯುವುದಕ್ಕೆ, ಅವರು ನಂಬಿದ್ದು ಕನ್ನಡವನ್ನೇ. ಗಾಡಿಯ ಬೆನ್ನಿಗೆ ಅಂಗೈಯಿಂದ ಬಡಿದು "ಹೋಗ್ತೈತಿ, ಬರ್ಲಿ!" ಎಂದರೆ ಡ್ರೈವರ್ ಕಣ್ಣು ಮುಚ್ಚಿಕೊಂಡು ಬರಬೇಕು. "ನಿಲ್ಲು" ಅಂದವನು ಪುಕ್ಕಲ. ಒಮ್ಮೆ ಹರಪನಹಳ್ಳಿ ಕಡೆಯಿಂದ ಮೆಕ್ಕೆಜೋಳ ಹೇರಿಕೊಂಡು ಬಂದ ಲಾರಿ ಅವರ ಮಾತು ನಂಬಿ ಬಳೆ ಅಂಗಡಿಯ ತಗಡಿನ ಸೂರನ್ನೇ ಕಿತ್ತುಕೊಂಡು ಹೋಯಿತು. "ಸೂರು ಅಷ್ಟು ಉದ್ದ ಯಾಕ ಬಿಟ್ಟಿದ್ರಿ?" ಎಂದು ಅಬ್ಬಾ ಅಂಗಡಿಯವರನ್ನೇ ಗದರಿದರು. ಕುಣಿಯಲಾರದವರಿಗೆ ನೆಲ ಡೊಂಕು. ನಾನಾಗ ಹೈಸ್ಕೂಲಿನಲ್ಲಿದ್ದೆ, ಅಬ್ಬಾನ ಕಡೆಗೇ ನಿಂತು ವಾದಿಸಿದ್ದೆ.

ಇಂಥ ಮನೆಯಿಂದ ಹೋದ ನನಗೆ ಸಿಕ್ಕ ಕೆಲಸ ನೋಡಿ: ದೂರದ ಒಂದು ವಿಮಾನ ನಿಲ್ದಾಣದಲ್ಲಿ ರೆಕ್ಕೆ ಕಾಯುವುದು. ವಿಮಾನ ಇಳಿದ ಮೇಲೆ ತನ್ನ ಜಾಗಕ್ಕೆ ನೆಲದ ಮೇಲೆ ಉರುಳಿಕೊಂಡು ಬರುತ್ತದಲ್ಲ, ಆಗ ಒಳಗೆ ಕೂತ ಪೈಲಟ್‌ಗೆ ರೆಕ್ಕೆಯ ತುದಿ ಸರಿಯಾಗಿ ಕಾಣುವುದಿಲ್ಲ. ಸುತ್ತ ನೋಡಿದರೆ ಸಾಮಾನಿನ ಗಾಡಿ, ಎಣ್ಣೆ ಗಾಡಿ, ಮೆಟ್ಟಿಲ ಗಾಡಿ. ಎದುರಿಗೆ ನಿಂತು ಕೈಸನ್ನೆ ಮಾಡುವವರು ಒಬ್ಬರೇ ಒಬ್ಬರು. ಎರಡು ರೆಕ್ಕೆಗಳ ತುದಿಗೆ ನಾವು ಒಬ್ಬೊಬ್ಬರು. ತಗಲುತ್ತದೆ ಅನ್ನಿಸಿದರೆ ಕೈಯಲ್ಲಿರುವ ಎರಡು ಕೋಲುಗಳನ್ನು ತಲೆಯ ಮೇಲೆ ಅಡ್ಡಡ್ಡ ಹಿಡಿಯಬೇಕು. ಹಿಡಿದರೆ ಅಷ್ಟು ದೊಡ್ಡ ವಿಮಾನ ನಿಲ್ಲುತ್ತದೆ.

"ಸಂಶಯ ಬಂದರೆ ನಿಲ್ಲಿಸಿ. ನಿಲ್ಲಿಸಿದ್ದಕ್ಕೆ ಇಲ್ಲಿ ಯಾರೂ ಬೈಯುವುದಿಲ್ಲ" ಎಂದರು ನಮ್ಮ ಮೇಲಧಿಕಾರಿ, ಮಾತು ಕಡಿಮೆಯ ಹೆಂಗಸು. ನಾನು ನಂಬಲಿಲ್ಲ. ಮೊದಲ ಆರು ತಿಂಗಳು ನಮ್ಮನ್ನು ಪರೀಕ್ಷೆಗೆ ಇಟ್ಟುಕೊಂಡಿದ್ದರು. ಸರಿಯಾದರೆ ಕೆಲಸ ಖಾಯಂ, ಇಲ್ಲವಾದರೆ ಊರಿನ ಬಸ್ಸು. ಬಸ್ಸು ಹತ್ತುವ ಆಸೆ ನನಗೆ ಚೂರೂ ಇರಲಿಲ್ಲ.

ಐದನೆಯ ತಿಂಗಳಿನ ಒಂದು ಬೆಳಗ್ಗೆ ಮೆಟ್ಟಿಲ ಗಾಡಿಯೊಂದು ತನಗೆ ನೆಲದ ಮೇಲೆ ಎಳೆದ ಗೆರೆ ದಾಟಿ ನಿಂತಿತ್ತು. ರೆಕ್ಕೆ ಅದರ ಕಡೆಗೇ ಬರುತ್ತಿತ್ತು. ನಿಲ್ಲಿಸಬೇಕು ಅನ್ನಿಸಿತು, ಕೋಲು ಅರ್ಧ ಎತ್ತಿಯೂ ಆಗಿತ್ತು. ಅಷ್ಟರಲ್ಲಿ ಕಿವಿಯಲ್ಲಿ ಅಬ್ಬಾನ ದನಿ: ಹೋಗ್ತೈತಿ, ಬರ್ಲಿ! ಬಿಟ್ಟೆ. ಹೋಯಿತು. ನಡುವೆ ಉಳಿದಿದ್ದು ಒಂದು ಗೇಣು. ಯಾರೂ ನೋಡಲಿಲ್ಲ, ನಾನೂ ಹೇಳಲಿಲ್ಲ.

ರಜೆಗೆ ಬಂದಾಗ ಗ್ಯಾರೇಜಿನಲ್ಲಿ ಅಬ್ಬಾನಿಗೆ ಮಾತ್ರ, ಕಿವಿಯಲ್ಲಿ ಅವರ ದನಿ ಕೇಳಿದ್ದನ್ನೂ ಸೇರಿಸಿ, ಹೇಳಿದೆ. ಗ್ಯಾರೇಜಿನ ರೂಢಿಯಂತೆ ಕನ್ನಡದಲ್ಲೇ ನಕ್ಕರು: "ಹೋತಲ್ಲ! ಮತ್ಯಾಕ ಮುಖ ಹಂಗ ಮಾಡ್ಕೊಂಡಿ?"

ನನಗೆ ಸಿಟ್ಟು ನೆತ್ತಿಗೇರಿತು. "ಅದು ಬಳಿ ಅಂಗಡಿ ತಗಡಲ್ಲ ಅಬ್ಬಾ. ಒಳಗ ಅಷ್ಟು ಮಂದಿ ಕುಂತಿರ್ತಾರ. ವಿಮಾನದ ಎಣ್ಣಿ ಇರೋದು ರೆಕ್ಕಿಯೊಳಗ."

"ಟ್ಯಾಂಕು ರೆಕ್ಕಿಯೊಳಗ?"

"ಹೂಂ. ರೆಕ್ಕಿಯೊಳಗ."

ಡೀಸೆಲ್ ಟ್ಯಾಂಕಿನ ಹತ್ತಿರ ಬೀಡಿ ಹಚ್ಚಿದವನನ್ನು ಸ್ಪ್ಯಾನರ್ ಹಿಡಿದು ಬೀದಿಯ ಕೊನೆಯವರೆಗೂ ಅಟ್ಟಿಸಿಕೊಂಡು ಹೋದ ಮನುಷ್ಯ ಅವರು. ನಗು ಅಲ್ಲಿಗೇ ನಿಂತಿತು. ಮರುದಿನ ನನ್ನನ್ನು ಬಸ್ಸು ಹತ್ತಿಸುವಾಗ ಉರ್ದುವಿನಲ್ಲಿ, ಮೆಲ್ಲಗೆ, "ಅಲ್ಲಿ ನನ್ನ ಮಾತು ಕೇಳಬೇಡ" ಎಂದರು. ಅಬ್ಬಾ ತಮ್ಮ ತಪ್ಪನ್ನು ಒಪ್ಪಿಕೊಂಡಿದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

ಪರೀಕ್ಷೆಯ ಕೊನೆಯ ವಾರ. ಮಧ್ಯಾಹ್ನದ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ರೆಕ್ಕೆಯ ದಾರಿಯ ಅಂಚಿನಲ್ಲಿ ಸಾಮಾನಿನ ಗಾಡಿಯೊಂದು ನಿಂತಿತ್ತು. ತಗಲುತ್ತದೋ ಇಲ್ಲವೋ, ತಿಳಿಯಲಿಲ್ಲ. ಕೋಲುಗಳನ್ನು ತಲೆಯ ಮೇಲೆ ಅಡ್ಡ ಹಿಡಿದೆ.

ವಿಮಾನ ನಿಂತಿತು. ಮೇಲಧಿಕಾರಿ ಬಂದರು, ನೋಡಿದರು, ಅಳತೆ ಹಿಡಿಸಿದರು. ಎರಡು ಮಾರಿಗಿಂತ ಹೆಚ್ಚು ಜಾಗವಿತ್ತು. ಅಂದರೆ ನಾನು ಏನೂ ಇಲ್ಲದ್ದಕ್ಕೆ ನಿಲ್ಲಿಸಿದ್ದೆ. ಕಿಟಕಿಗಳಿಂದ ಮುಖಗಳು ನನ್ನನ್ನೇ ನೋಡುತ್ತಿದ್ದವು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಕೆಲಸ ಹೋಯಿತು ಎಂದೇ ತೀರ್ಮಾನಿಸಿದೆ.

"ಯಾಕೆ ನಿಲ್ಲಿಸಿದಿರಿ?" ಎಂದು ಅವರು ಕಚೇರಿಯಲ್ಲಿ ಕೇಳಿದರು.

"ಸಂಶಯ ಬಂತು, ಮೇಡಂ."

ಹೋಗುವುದೇ ಆದರೆ ಹೊಟ್ಟೆಯಲ್ಲಿ ಸುಳ್ಳು ಇಟ್ಟುಕೊಂಡು ಯಾಕೆ ಹೋಗಲಿ ಎಂದು, ಮೆಟ್ಟಿಲ ಗಾಡಿ ಮತ್ತು ಒಂದು ಗೇಣಿನ ಕಥೆಯನ್ನೂ ಹೇಳಿಬಿಟ್ಟೆ. ಅವರು ಪೆನ್ನು ಕೆಳಗಿಟ್ಟರು.

"ಅವತ್ತು ನಿಲ್ಲಿಸದೆ, ಹೇಳದೆ ಇದ್ದದ್ದಕ್ಕೆ ಎಚ್ಚರಿಕೆಯ ಪತ್ರ ಕೊಡುತ್ತೇನೆ. ಇವತ್ತಿನದಕ್ಕೆ ಏನೂ ಇಲ್ಲ. ನಾಳೆಯೂ ಅದೇ ರೆಕ್ಕೆಗೆ ನಿಲ್ಲಿ" ಎಂದರು. ಹೊರಗೆ ಬಂದು ನೀರಿನ ನಲ್ಲಿಯ ಹತ್ತಿರ ನಿಂತು ಚೆನ್ನಾಗಿ ಅತ್ತೆ, ಸಂತೋಷಕ್ಕೇ ಅತ್ತೆ. ಮರುದಿನ ಮೆಟ್ಟಿಲ ಗಾಡಿಯ ಗೆರೆಗೆ ಹೊಸ ಬಣ್ಣ ಬಿದ್ದಿತ್ತು. ವಾರ ಮುಗಿದ ಮೇಲೆ ಕೆಲಸ ಖಾಯಂ ಆಯಿತು. ಆ ಆದೇಶವೂ ಎಚ್ಚರಿಕೆಯ ಪತ್ರವೂ ಒಂದೇ ಫೈಲಿನಲ್ಲಿವೆ.

ಮುಂದಿನ ರಜೆಯಲ್ಲಿ ಅಡುಗೆಮನೆಯ ಸೌಟು, ಲಟ್ಟಣಿಗೆ ಎತ್ತಿಕೊಂಡು ತಲೆಯ ಮೇಲೆ ಅಡ್ಡ ಹಿಡಿದು ಅಬ್ಬಾನಿಗೆ ಎಲ್ಲ ಮಾಡಿ ತೋರಿಸಿದೆ. ಅವರ ತಲೆಗೆ ಹೋಯಿತೋ ಇಲ್ಲವೋ ಗೊತ್ತಾಗಲಿಲ್ಲ.

ಎರಡು ದಿನದ ಮೇಲೆ ಅವರಿಗೆ ಬುತ್ತಿ ಕೊಡಲು ಗ್ಯಾರೇಜಿಗೆ ಹೋಗಿದ್ದೆ. ನೀರಿನ ಟ್ಯಾಂಕರೊಂದು ಒಳಗೆ ಬರಲು ಹಿಂದಕ್ಕೆ ಸರಿಯುತ್ತಿತ್ತು. ಬೀದಿ ಎದ್ದು ನಿಂತಿತು. "ಬರ್ಲಿ, ಬರ್ಲಿ!" ಅಬ್ಬಾ ಎರಡು ಸ್ಪ್ಯಾನರ್‌ಗಳನ್ನು ತಲೆಯ ಮೇಲೆ ಅಡ್ಡ ಹಿಡಿದರು. ಡ್ರೈವರ್ ಗಾಬರಿಗೇ ಬ್ರೇಕ್ ಒತ್ತಿದ.

"ಏನ್ ಚಾಚಾ, ಅಂಜಿಕಿ ಬಂತೇನು?" ಎಂದರು ಚಹಾದಂಗಡಿಯವರು. ಎಲ್ಲರೂ ನಕ್ಕರು.

ಅಬ್ಬಾ ನಗಲಿಲ್ಲ, ಬೈಯಲೂ ಇಲ್ಲ. ಟ್ಯಾಂಕರ್ ಹಿಂದೆ ಹೋಗಿ, ಮೊಣಕಾಲ ಮೇಲೆ ಕೈಯಿಟ್ಟು ಬಗ್ಗಿ, ಒಂದು ಸುತ್ತು ನೋಡಿ ಬಂದರು. "ಏನೂ ಇಲ್ಲ" ಎಂದು ಇಡೀ ಬೀದಿಗೆ ಕೇಳುವಂತೆ ಹೇಳಿದರು. ಆ ಮಾತಿನಲ್ಲಿ ಒಂದಿಷ್ಟೂ ನಾಚಿಕೆ ಇರಲಿಲ್ಲ. ಆಮೇಲೆ ನನ್ನ ಕಡೆ ನೋಡಿ, ಟ್ಯಾಂಕರಿನ ಆಚೆ ಮೂಲೆಯನ್ನು ಗದ್ದದಿಂದ ತೋರಿಸಿದರು.

ನಾನು ಬುತ್ತಿ ಕೆಳಗಿಟ್ಟು ಹೋಗಿ ಅಲ್ಲಿ ನಿಂತೆ. ಡ್ರೈವರ್ ಒಂದು ಕನ್ನಡಿಯಲ್ಲಿ ಅಬ್ಬಾನನ್ನು ನೋಡಿದ, ಇನ್ನೊಂದರಲ್ಲಿ ನನ್ನನ್ನು. ಬೀದಿ ತನ್ನಷ್ಟಕ್ಕೇ ಸುಮ್ಮನಾಗಿತ್ತು.

"ಈಗ ಬರ್ಲಿ" ಎಂದರು ಅಬ್ಬಾ.