ಪರದೆಯ ಹಿಂದಿನ ಕಿಟಕಿ

ನಲವತ್ತರ ದಶಕದಲ್ಲಿ, ಮಂಕಿಯಲ್ಲಿ, ನಮ್ಮ ಪಕ್ಕದ ಮನೆಯವನು ಸರ್ಕಾರಿ ಡಂಗುರ ಸಾರುತ್ತಿದ್ದ. ಬಾಯಲ್ಲಿದ್ದ ಎಲೆಯಡಿಕೆ ಉಗಿದು, ಮುಖ ಒರೆಸಿಕೊಂಡೇ ಡೋಲು ಬಡಿಯುತ್ತಿದ್ದ. ಕೊನೆಗೆ ತನ್ನದೊಂದು ಬಾಲ ಸೇರಿಸುತ್ತಿದ್ದ: "ಸರ್ಕಾರದ ಮಾತು, ನಾ ಜವಾಬ್ದಾರಿ!" ಇವನನ್ನು ಯಾರು ಕೇಳಿದ್ದರೋ!

ಚುನಾವಣೆ ಬಂತು. ಒಬ್ಬೊಬ್ಬ ಉಮೇದುವಾರನಿಗೆ ಒಂದೊಂದು ಬಣ್ಣದ ಪೆಟ್ಟಿಗೆ. "ಪರದೆಯ ಹಿಂದೆ ಹೋಗಿ ಚೀಟಿ ಹಾಕಿ, ಯಾರಿಗೂ ತಿಳಿಯುವುದಿಲ್ಲ" ಎಂದು ಊರೆಲ್ಲ ಸಾರಿದ.

ಅವನ ಭಾವ, ತಂಗಿಯ ಗಂಡ, ಗೇಣಿಗೆ ಗದ್ದೆ ಮಾಡುತ್ತಿದ್ದ. "ಒಡೇರಿಗೆ ಗೊತ್ತಾದ್ರೆ ಗದ್ದೆ ಹೋತು, ಮಾರಾಯಾ," ಎಂದ.

"ಎಂತ ಹೆದ್ರಿಕೆ? ನಾ ಜವಾಬ್ದಾರಿ!"

ಭಾವ ನಂಬಿದ, ಒಡೆಯರು ಬೇಡವೆಂದ ಪೆಟ್ಟಿಗೆಗೇ ಚೀಟಿ ಹಾಕಿದ. ಪರದೆಯನ್ನೇನೋ ಕಟ್ಟಿದ್ದರು. ಅದರ ಹಿಂದಿನ ಕಿಟಕಿಯನ್ನು ಮಾತ್ರ ಯಾರೂ ಮುಚ್ಚಿರಲಿಲ್ಲ. ಒಡೆಯರ ಮನುಷ್ಯ ಹೊರಗೆ ಅಲ್ಲೇ ಕೂತು ಬೀಡಿ ಸೇದುತ್ತಿದ್ದ.

ಗದ್ದೆ ಹೋಯಿತು. ಒಡೆಯರ ಜಾಗದಲ್ಲಿದ್ದ ಗುಡಿಸಲನ್ನೂ ಬಿಡಬೇಕಾಯಿತು. ಅಷ್ಟರಲ್ಲಿ ಕಚೇರಿಯಿಂದ ಹೊಸ ಡಂಗುರ: ಮತದಾನ ಗುಟ್ಟಾಗಿ, ಸುಸೂತ್ರವಾಗಿ ನಡೆದಿದೆ, ಜನ ನಂಬಬೇಕು.

ಇವನು ಡೋಲು ಹಿಡಿದು ಆ ಕೇರಿಗೆ ಹೋದಾಗ ಭಾವ ಪಾತ್ರೆಗಳನ್ನು ಹೊರಗೆ ತಂದಿಡುತ್ತಿದ್ದ.

"ಗಟ್ಟಿ ಕೂಗು, ಭಾವ. ನಿನ್ನ ತಂಗಿ ಒಳಗೆ ಗಂಟು ಕಟ್ತಾ ಇದ್ದಾಳೆ, ಅವಳಿಗೂ ಕೇಳ್ಲಿ."

ಕಚೇರಿಯವರು ಹೇಳಿಕೊಟ್ಟಿದ್ದನ್ನು ಇವನು ಗಟ್ಟಿಯಾಗಿ, ಪೂರ್ತಿ ಕೂಗಿದ. ತನ್ನ ಬಾಲವನ್ನು ಮಾತ್ರ ಸೇರಿಸಲಿಲ್ಲ.