ಬೀಗರಿಗೆಂದು ಇಟ್ಟ ಟವೆಲ್

ಬೆಳಿಗ್ಗೆ ಎದ್ದಾಗ ಎಡಗಣ್ಣು ತೆರೆಯಲಿಲ್ಲ. ರೆಪ್ಪೆಗಳು ಅಂಟಿಕೊಂಡಿದ್ದವು. ಬಲಗಣ್ಣೊಂದರಿಂದ ಕನ್ನಡಿ ನೋಡಿದರೆ ಅದೂ ಕೆಂಪಗಿತ್ತು. ಕೈ ತಾನಾಗಿ ಗೂಟದ ಮೇಲಿನ ಟವೆಲ್ಲಿಗೆ ಹೋಗಿ ಅರ್ಧದಲ್ಲೇ ನಿಂತಿತು. ನಮ್ಮ ಮನೆಯವರ ಕೈ ಹೀಗೆ ನಿಲ್ಲುವುದಕ್ಕೆ ಒಂದು ಕತೆಯಿದೆ. ಕೂತುಕೊಳ್ಳಿ, ಹೇಳುತ್ತೇನೆ. ನನ್ನನ್ನು ನೋಡಿದರೆ ನಿಮಗೇನೂ ಆಗುವುದಿಲ್ಲ. ಕೈ ಮಾತ್ರ ಕುಲುಕಬೇಡಿ.

ಆಗ ನಾವು ಬಾದಾಮಿಯಲ್ಲಿದ್ದೆವು. ಎಂ.ಎ. ಪರೀಕ್ಷೆ ಮುಗಿಸಿದ ನಾನು ಹಾಸ್ಟೆಲಿನಿಂದ ಪುಸ್ತಕದ ಗಂಟಿನ ಜೊತೆ ಕಣ್ಣುಬೇನೆಯನ್ನೂ ತಂದೆನಂತೆ. ಅಪ್ಪನ ಕಚೇರಿಯಿಂದ ಬಂತೆಂದು ನನ್ನ ವಾದ. ಈ ವಿಷಯದಲ್ಲಿ ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಮನೆ ನಡೆಸುತ್ತಿದ್ದವಳು ಅಪ್ಪನ ಅಕ್ಕ, ನಮ್ಮ ಅತ್ತಿ. "ಕಣ್ಣು ಬಂದವ್ರ ಕಣ್ಣಾಗ ಕಣ್ಣಿಟ್ಟು ನೋಡಿದ್ರ ನಮಗೂ ಬರ್ತಾವ" ಎಂಬುದು ಅವಳ ಶಾಸ್ತ್ರ. ಅಪ್ಪ ಕುಳಗೇರಿ ಕ್ರಾಸಿನಲ್ಲಿ ಬಸ್ಸಿಳಿದು ಮನೆಮಂದಿಗೆಲ್ಲ ಕರೀ ಚಷ್ಮಾ ಕೊಂಡು ತಂದರು. ಊಟಕ್ಕೆ ಸಾಲಾಗಿ ಕೂತರೆ ಮದುವೆಯ ಬ್ಯಾಂಡಿನವರು ಕೂತ ಹಾಗಿರುತ್ತಿತ್ತು. ಅಪ್ಪನಂತೂ ಚಷ್ಮಾ ಹಾಕಿಕೊಂಡೇ ಟಿ.ವಿ. ನೋಡುತ್ತ, ಲೈಟು ಯಾಕೆ ಮಂದ ಆಗಿದೆ ಎಂದು ಕೇಳುತ್ತಿದ್ದರು.

ನೋಟಕ್ಕೆ ಇಷ್ಟು ಕಾವಲು ಹಾಕಿದ ನಾವು ಕಣ್ಣು ಒರೆಸಿಕೊಳ್ಳುತ್ತಿದ್ದದ್ದು ಒಂದೇ ಟವೆಲ್ಲಿಗೆ. ಬೀಗರು ಬಂದರೆ ಕೊಡಲೆಂದು ಅತ್ತಿ ಟ್ರಂಕಿನಲ್ಲಿ ಇಟ್ಟಿದ್ದ ಕೆಂಪಂಚಿನ ಬಿಳಿ ಟವೆಲ್ ಅದು. ಉರಿಯುವ ಕಣ್ಣಿಗೆ ಮೆತ್ತಗಿರಲೆಂದು ಅವಳೇ ಹೊರಗೆ ತೆಗೆದಿದ್ದಳು.

ಅದೇ ವಾರ ನನ್ನ ಅಕ್ಕನನ್ನು ನೋಡಲು ಹುನಗುಂದದಿಂದ ಗಂಡಿನವರು ಬರುವವರಿದ್ದರು. ಹಿಂದೆ ಬಂದವರು ಅವಲಕ್ಕಿ ತಿಂದು ಹೋದಮೇಲೆ ಸುದ್ದಿಯನ್ನೇ ಕಳಿಸಿರಲಿಲ್ಲ. ಈ ಹುಡುಗನ ಬಗ್ಗೆ ಅಕ್ಕ ಏನೂ ಹೇಳಿರಲಿಲ್ಲ, ಆದರೆ ಅವನ ಫೋಟೋ ನೋಡುವಾಗ ಮಾತ್ರ ಚಷ್ಮಾ ತೆಗೆಯುತ್ತಿದ್ದಳು.

"ಫೋನ್ ಮಾಡಿ ಖರೆ ಹೇಳೂಣ ಅತ್ತಿ. ಕಣ್ಣು ಆರಾಮಾದಮ್ಯಾಲೆ ಬರ್ಲಿ," ಎಂದಳು ಅಕ್ಕ.

"ಒಮ್ಮೆ ಮುಂದ ಹಾಕಿದ್ರ ಅವ್ರು ಬ್ಯಾರೆ ಕನ್ಯಾ ನೋಡ್ತಾರ. ನೀ ಚಷ್ಮಾ ಹಾಕ್ಕೊಂಡ ಕುಂದ್ರು. ಓದಿದ ಹುಡುಗಿ, ಚಷ್ಮಾ ಐತಿ ಅಂತ ಹೇಳ್ತೇನಿ."

"ಕರೀ ಚಷ್ಮಾನ?"

"ಭಾಳ ಓದ್ಯಾಳ ಅಂತೇನಿ."

ಅವರು ಬಂದರು. ಹುಡುಗ, ಅವನ ತಾಯಿ, ಅವನ ಕಾಕಾ. ನಮ್ಮ ಕಡೆ ಬಂದವರಿಗೆ ಮೊದಲು ತಂಬಿಗೆಯಲ್ಲಿ ನೀರು, ಆಮೇಲೆ ಮಾತು. ಹುಡುಗ ಮುಖ ತೊಳೆದ. ಅತ್ತಿ ಆ ಟವೆಲ್ಲನ್ನೇ ನೀಟಾಗಿ ಮಡಚಿ ನನ್ನ ಕೈಗಿಟ್ಟಿದ್ದಳು. ನಾನು ಮುಂದೆ ಚಾಚಿದೆ.

ಮುಂದಿನದನ್ನು ನಾನು ಇಷ್ಟು ವರ್ಷ ಹೇಳುತ್ತ ಬಂದದ್ದು ಹೀಗೆ: ಕರೆಯುವ ಮೊದಲೇ ಅಡುಗೆಮನೆಯಿಂದ ಹೊರಬಂದ ಅಕ್ಕ ಕೈ ಎತ್ತಿ, "ಅದನ್ನ ಮುಟ್ಟಬ್ಯಾಡ್ರಿ" ಎಂದು ಕೂಗಿದಳು. ಕಾಕಾನ ಮುಖ ಇಳಿಯಿತು. ಅತ್ತಿ ಗೋಡೆ ಹಿಡಿದು ನಿಂತಳು. ಆದರೂ ಲಗ್ನ ಕೂಡಿಬಂತು. ಹೇಳಿದ ಹಾಗೆಲ್ಲ ಅಕ್ಕನ ಕೈ ಇನ್ನಷ್ಟು ಮೇಲೆ ಹೋಗಿದೆ. ಅವತ್ತಿನ ನನ್ನ ಡೈರಿಯಲ್ಲಿ ಮಾತ್ರ ಬಂದವರಿಗೆ ಮಾಡಿದ ಮಂಡಕ್ಕಿ ಸುಸಲಾ ಚೆನ್ನಾಗಿತ್ತೆಂದಷ್ಟೇ ಇದೆ.

ಈಗ ನಾನಿರುವುದು ಬಾಗಲಕೋಟೆಯಲ್ಲಿ. ಬೆಳಿಗ್ಗೆ ದವಾಖಾನೆಗೆ ಹೋದಾಗ ಹಳೆಯ ಹನಿ ಔಷಧ ಹಾಕಬಹುದೇ ಎಂದು ಕೇಳಿದೆ. ಡಾಕ್ಟರಮ್ಮ ನಕ್ಕರು. "ಅದನ್ನ ಮೊದ್ಲ ಕಸದಾಗ ಒಗೀರಿ. ಇದು ಬರೇ ನೋಡಿದ್ರ ಬರೂದಿಲ್ರಿ, ಕೈಯಿಂದ, ಟವೆಲ್ಲಿಂದ, ದಿಂಬಿನಿಂದ ಬರ್ತದ. ಕಾಸಿ ಆರಿಸಿದ ನೀರಾಗ ಹತ್ತಿ ಅದ್ದಿ ಒರಸ್ರಿ, ಒರಸಿದ ಹತ್ತಿ ಕಸದಾಗ ಹಾಕ್ರಿ, ಸಾಬಾನು ಹಚ್ಚಿ ಕೈ ತೊಳೀರಿ. ಇಂಥದ್ದು ಹೆಚ್ಚಾಗಿ ತಾನ ಕಡಿಮಿ ಆಗ್ತದ. ಕಣ್ಣು ಮಂಜಾದ್ರ, ಭಾಳ ನೋವಾದ್ರ, ಬೆಳಕು ತಡ್ಯಾಕ ಆಗದಿದ್ರ ಮಾತ್ರ ತಡ ಮಾಡದ ಬರ್ರಿ."

ಮಧ್ಯಾಹ್ನ ಮಾಮಾ ಬಂದರು. ಆ ಹುಡುಗನೇ ಈಗ ಅಕ್ಕನ ಗಂಡ, ನನಗೆ ಮಾಮಾ. ಎಂದಿನಂತೆ ಮುಖ ತೊಳೆದು, ಟವೆಲ್ ಕೇಳದೆ, ಫ್ಯಾನಿನ ಕೆಳಗೆ ನಿಂತರು. ನಾನು ಅದೇ ಕತೆ ತೆಗೆದೆ.

"ಅಕಿ ಎಲ್ಲಿ ಕೂಗಿದ್ಳೋ?" ಎಂದರು ಮಾಮಾ. "ನೀ ಕರೀ ಚಷ್ಮಾದಾಗ ಕಣ್ಣು ಮುಚ್ಚಿಕೊಂಡು ನಿಂತಿದ್ದಿ. ನಿನಗೇನು ಕಾಣ್ತದ? ಅಕಿ ನನ್ನ ಹತ್ರ ಬಂದು ತನ್ನ ಚಷ್ಮಾ ತಗದಳು. ಕಣ್ಣು ಕೆಂಪಗ ಕೆಂಡ ಆಗಿದ್ವು. 'ನಮ್ಮ ಮನ್ಯಾಗ ಎಲ್ಲಾರಿಗೂ ಕಣ್ಣು ಬಂದಾವ್ರಿ, ಎಲ್ಲಾರೂ ಇದಕ್ಕ ಒರಸ್ಕೊಂಡೇವಿ. ನಿಮ್ಮ ಕರ್ಚೀಪ್ ಇದ್ರ ಒರಸ್ಕೋರಿ' ಅಂತ ಸಣ್ಣ ದನಿಲೆ ಅಂದ್ಳು. ನಿಮ್ಮ ಅತ್ತಿ ಕಿವಿಗೆ ಬೀಳಬಾರದಂತ."

"ಮತ್ತ ಕಾಕಾನ ಮುಖ ಯಾಕ ಇಳೀತು?"

"ಅಂವನೂ ಮುಖ ತೊಳ್ಯಾಕ ಹತ್ತಿದ್ದ, ಮಾರಿ ಮ್ಯಾಲೆ ಸಾಬಾನು ಇತ್ತೋ. ಒರಸ್ಕೊಳ್ಳಾಕ ಏನೂ ಇರ್ಲಿಲ್ಲ."

ನಕ್ಕಾಗ ಕಣ್ಣು ಉರಿಯಿತು. ಮಾಮಾ ಮಾತ್ರ ನಗಲಿಲ್ಲ. "ನೀವೆಲ್ಲಾ ಮುಚ್ಚಿಡಾಕ ಹತ್ತಿದ್ರಿ. ಅಕಿ ಒಬ್ಬಾಕಿ ತಗದು ತೋರಿಸಿದ್ಳು. ಸುಸಲಾ ಬರೂಕಿಂತ ಮೊದ್ಲ ನಾ ಮನಸಿನಾಗ ಹೂಂ ಅಂದಿದ್ದೆ."

ಅಷ್ಟರಲ್ಲಿ ಅಕ್ಕನ ಫೋನ್ ಬಂತು. "ಟವೆಲ್ ಬ್ಯಾರೆ ಇಟ್ಟೀಯಿಲ್ಲೋ?" ಎಂದಳು. ದನಿ ಮೆಲ್ಲಗೇ ಇತ್ತು. ಅವಳ ದನಿ ಯಾವಾಗಲೂ ಮೆಲ್ಲಗೇ ಇತ್ತೆಂಬುದು ಈಗ ಹೊಳೆಯಿತು. ಅವಳು ಕೂಗಿದ್ದನ್ನು ನಾನು ಕೇಳಿದ್ದು ನನ್ನ ಕತೆಯಲ್ಲಿ ಮಾತ್ರ.

ಕಪಾಟಿನಲ್ಲಿ ಒಗೆದ ಟವೆಲ್ ಇತ್ತು. ಫ್ಯಾನಿನ ಕೆಳಗೆ ನಿಂತ ಮಾಮಾನನ್ನು ನೋಡಿದೆ. ಗದ್ದದಿಂದ ಇನ್ನೂ ನೀರು ಹನಿಯುತ್ತಿತ್ತು, ಕಣ್ಣು ಮುಚ್ಚಿ ಹಾಯಾಗಿದ್ದರು. ಟವೆಲ್ ಬೇಕೇ ಎಂದು ನಾನು ಕೇಳಲಿಲ್ಲ.