ಮೇಸ್ತ್ರಿ ಹಾಕಿದ ಸೀಲು

ಶನಿವಾರ ಮಧ್ಯಾಹ್ನದ ಹೊತ್ತಿಗೆ ಮೇಸ್ತ್ರಿ ನೀರಿನ ಮೇಲೆ ಓಡುವ ಆ ಜೆಟ್ ಸ್ಕೀ ಗಾಡಿಯನ್ನು ಐದನೇ ಸಲ ಬಿಚ್ಚಿ ಹರಡಿಕೊಂಡು ಕೂತಿದ್ದ. ಬೆಳಗ್ಗೆ ಒಂದು ಸುತ್ತು ಓಡಿಸಿ ತಂದು ಅದರ ಹೊಟ್ಟೆಯಿಂದ ಎರಡು ಬಕೆಟ್ ನೀರು ಚೆಲ್ಲಿದ್ದ. ಮೊನ್ನೆಯೂ ಅಷ್ಟೇ, ಅದರ ಹಿಂದಿನ ದಿನವೂ ಅಷ್ಟೇ. ನೀರು ಎಲ್ಲಿಂದ ಬರುತ್ತಿದೆ ಅನ್ನುವುದು ಮಾತ್ರ ಗೊತ್ತಾಗಲೊಲ್ಲದು. ಷೆಡ್ಡಿನ ತಗಡು ಕಾದು, ಬೆವರು ಕಣ್ಣಿಗಿಳಿದು, ಮನುಷ್ಯ ತಲೆ ಮೇಲೆ ಕೈಹೊತ್ತು ಕೂರುವುದೊಂದು ಬಾಕಿ.

ಇದು ಕೂತು ಓಡಿಸುವ ಜಾತಿಯದಲ್ಲ. ಹಿಂದಿನ ಅಂಗೈಯಗಲದ ಜಾಗದಲ್ಲಿ ನಿಂತು, ಮುಂದಿನ ಉದ್ದನೆಯ ಹಿಡಿಯನ್ನು ಹಿಡಿದು ಓಡಿಸಬೇಕು. ವೇಗವಿರುವ ತನಕ ನೆಟ್ಟಗೆ ನಿಲ್ಲುತ್ತದೆ, ವೇಗ ಸತ್ತರೆ ಮಗುಚುತ್ತದೆ. ಹೊಟ್ಟೆಯೊಳಗೆ ನೀರು ತುಂಬಿದರಂತೂ ಎಂಜಿನ್ ಬಾಯಿ ಮುಚ್ಚಿಕೊಂಡು, ನಡುನೀರಿನಲ್ಲಿ ಸವಾರನನ್ನು ಕೈಬಿಟ್ಟು ತೇಲುತ್ತದೆ.

ಮೂವತ್ತೊಂದು ವರ್ಷದಿಂದ ಮೇಸ್ತ್ರಿಗೆ ಇದೇ ಕೆಲಸ. ಯಾವ ಶಾಲೆಯಲ್ಲೂ ಕಲಿತವನಲ್ಲ. ದೋಣಿ ಕಟ್ಟೆಯಲ್ಲಿ ಬಣ್ಣ ಬಳಿಯಲು ಬಂದವನು ಎಂಜಿನ್ ಬಿಚ್ಚುವವರ ಪಕ್ಕ ನಿಂತು, ಬೈಸಿಕೊಂಡು, ಕೈಯಲ್ಲಿ ವಿದ್ಯೆ ಇಳಿಸಿಕೊಂಡವನು. ಸೋರಿಕೆ ಹುಡುಕುವುದರಲ್ಲಿ ಅವನನ್ನು ಮೀರಿಸಿದವರಿಲ್ಲ ಎಂದು ದಡದವರೆಲ್ಲ ಹೇಳುತ್ತಿದ್ದರು, ಅದನ್ನು ಕೇಳಿ ಅವನಿಗೂ ಸ್ವಲ್ಪ ಜಂಬ ಬಂದಿತ್ತು. ಬೇರೆಯವರು ಟಾರ್ಚ್ ಹಿಡಿದು, ಕನ್ನಡಿ ತೂರಿಸಿ ಒದ್ದಾಡುವ ಕಡೆ ಅವನು ಎರಡು ಬೆರಳು ಬಿಟ್ಟು ಕಣ್ಣು ಮುಚ್ಚುತ್ತಿದ್ದ. "ಇಲ್ಲಿದೆ ನೋಡು" ಅನ್ನುತ್ತಿದ್ದ. ಅಲ್ಲೇ ಇರುತ್ತಿತ್ತು.

ಗಾಡಿ ಅಣ್ಣನ ಮಗಳದು. ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವ ಹುಡುಗಿ. ಮೂರು ವರ್ಷ ಬಿದ್ದು, ಎದ್ದು, ಮೊಣಕಾಲು ತರಚಿಕೊಂಡು ನಿಲ್ಲುವುದನ್ನು ಕಲಿತು, ಈಗ ಮೊದಲ ಸಲ ದೊಡ್ಡ ಸ್ಪರ್ಧೆಗೆ ಹೆಸರು ಕೊಟ್ಟಿದ್ದಳು. ಸ್ಪರ್ಧೆ ನಾಳೆ ಭಾನುವಾರ ಬೆಳಗ್ಗೆ. ಮೂರು ವಾರದ ಹಿಂದೆ, "ಒಂದ್ಸಲ ಎಲ್ಲ ನೋಡಿಬಿಡಿ ಚಿಕ್ಕಪ್ಪ" ಎಂದು ತಂದುಬಿಟ್ಟಿದ್ದಳು. ಅವನು ಎಲ್ಲ ನೋಡಿದ, ಹಳೆಯ ರಬ್ಬರ್ ಸೀಲು ತೆಗೆದು ಹೊಸದು ಹಾಕಿದ. ಅದಾದ ಮೇಲೆ ಗಾಡಿ ಎರಡು ಸಲ ನಡುನೀರಿನಲ್ಲಿ ನಿಂತುಹೋಯಿತು. ಎರಡನೇ ಸಲ ಅವಳು ಅರ್ಧ ಮೈಲಿ ಈಜಿ ದಡ ಸೇರಿದಳು.

ತುಟಿ ನೀಲಿಗಟ್ಟಿ ಬಂದ ಮಗುವಿಗೆ ಈ ದೊಡ್ಡ ಮನುಷ್ಯ ಹೇಳಿದ್ದೇನು ಗೊತ್ತೇ? "ತಿರುವಿನಲ್ಲಿ ನೀನು ಕಾಲಿಡೋ ರೀತಿನೇ ಸರಿ ಇಲ್ಲ. ಮಾತೆತ್ತಿದ್ರೆ ಮಗುಚಿಸ್ತೀಯ, ಮಗುಚಿದಾಗೆಲ್ಲ ನೀರು ಒಳಗೆ ಹೋಗುತ್ತೆ. ಇನ್ನೂ ಒಂದು ವರ್ಷ ಕಲಿ, ಆಮೇಲೆ ಸ್ಪರ್ಧೆ ಮಾತಾಡು." ಅವಳು ಎದುರಾಡಲಿಲ್ಲ. ಚಿಕ್ಕಪ್ಪನ ಮಾತು ಅವಳಿಗೆ ಕಲ್ಲಿನ ಮೇಲೆ ಬರೆದ ಹಾಗೆ.

ಸೀಲೆಂದರೆ ಬಳೆಯಂಥ ರಬ್ಬರ್ ಉಂಗುರ. ಎಂಜಿನ್‌ನಿಂದ ಹೊರಟು ತಿರುಗುವ ಶಾಫ್ಟ್ ಎಂಬ ಕಂಬಿ ಗಾಡಿಯ ತಳವನ್ನು ತೂರಿ ಹೊರಗಿನ ಪಂಪಿಗೆ ಹೋಗುವ ಕಡೆ ಅದು ಕೂರುತ್ತದೆ. ಅದರ ಒಳ ಅಂಚು ತೀರ ತೆಳು. ಶಾಫ್ಟ್ ತೂರಿಸುವಾಗ ಆ ಅಂಚು ಒಂದಿಷ್ಟು ಮಡಚಿಕೊಂಡರೂ ಕಥೆ ಮುಗಿಯಿತು, ಶಾಫ್ಟ್ ತಿರುಗಿದಷ್ಟು ಹೊತ್ತೂ ನೀರು ಒಳಗೆ ನುಗ್ಗುತ್ತದೆ. ಕಣ್ಣಿಗೆ ಕಾಣುವ ಜಾಗವಲ್ಲ ಅದು. ಎಂಜಿನ್ನಿನ ಹಿಂದೆ ಎರಡು ಬೆರಳು ಹೋಗುವಷ್ಟು ಸಂದಿದೆ, ಬೆರಳಾಡಿಸಿ ತಿಳಿದುಕೊಳ್ಳಬೇಕು. ಮೇಸ್ತ್ರಿ ಬೆರಳಾಡಿಸಿದ್ದ. ಸರಿಯಾಗಿದೆ ಅಂದುಕೊಂಡಿದ್ದ.

ಆ ಸೀಲು ಹಾಕುವ ಮುಂಚೆ ಗಾಡಿಯೊಳಗೆ ತೊಟ್ಟು ನೀರಿರಲಿಲ್ಲ, ಹಾಕಿದ ಮೇಲೆ ಬಕೆಟ್‌ಗಟ್ಟಲೆ. ಬೇರೆ ಯಾರೋ ಮಾಡಿದ ಕೆಲಸವಾಗಿದ್ದರೆ ಮೇಸ್ತ್ರಿ ಎರಡು ನಿಮಿಷದಲ್ಲಿ ಅವರ ಜನ್ಮ ಜಾಲಾಡಿಬಿಡುತ್ತಿದ್ದ. ತಾನು ಮಾಡಿದ್ದಲ್ಲವೇ, ಆ ಕಡೆ ತಲೆಯೇ ಹೋಗಲಿಲ್ಲ. ಪೈಪುಗಳನ್ನೆಲ್ಲ ಬದಲಾಯಿಸಿದ. ಹಿಡಿಯ ಬುಡದ ಬೋಲ್ಟುಗಳಿಗೆ ಅಂಟು ಮೆತ್ತಿದ. ನೀರು ಹೊರಹಾಕುವ ಕೊಳವೆ ಬಿಚ್ಚಿ ಊದಿ ನೋಡಿದ. ಸೀಲಿನ ಸರದಿ ಬಂದಾಗಲೆಲ್ಲ ಅದೇ ಎರಡು ಬೆರಳು ಬಿಟ್ಟು, ಅದೇ "ಸರಿಯಾಗಿದೆ".

ತಲೆ ಹೋಗಲಿಲ್ಲ ಎಂದೆ. ಅದು ಪೂರ್ತಿ ನಿಜವಲ್ಲ. ಏಳೆಂಟು ತಿಂಗಳಿಂದ ಅವನ ಬಲಗೈ ಬೆರಳ ತುದಿಗಳು ಜೋಮು ಹಿಡಿದಂತಿದ್ದವು. ಮೊದಮೊದಲು ಬೆಳಗ್ಗೆ ಮಾತ್ರ, ಆಮೇಲೆ ದಿನವಿಡೀ. ಸಕ್ಕರೆ ಕಾಯಿಲೆ ನರಕ್ಕೆ ಇಳಿದಿದೆ ಎಂದು ಡಾಕ್ಟರು ಹೇಳಿದ್ದರು. ಹೆಂಡತಿಗೆ ಸಕ್ಕರೆ ಗೊತ್ತಿತ್ತು, ಬೆರಳು ಗೊತ್ತಿರಲಿಲ್ಲ. ಹೋದ ತಿಂಗಳು ಬಿಸಿ ಸೈಲೆನ್ಸರ್ ಮೇಲೆ ಕೈ ಇಟ್ಟಾಗ ಸುಟ್ಟ ವಾಸನೆ ಬಂದಮೇಲೆಯೇ ಅವನಿಗೆ ತಿಳಿದದ್ದು. ಅವತ್ತು ಬೆರಳಿಗೆ ಬಟ್ಟೆ ಸುತ್ತಿಕೊಂಡು ಮನೆಗೆ ಹೋಗಿ, ಸ್ಪ್ಯಾನರ್ ಜಾರಿತು ಎಂದು ಸುಳ್ಳು ಹೇಳಿದ. ಕೈ ಹೋದರೆ ತಾನು ಯಾರು? ಆ ಪ್ರಶ್ನೆ ಕೇಳಿಕೊಳ್ಳಲು ಅವನಿಗೆ ಭಯ. ಅದಕ್ಕೇ ಕೇಳಿಕೊಂಡಿರಲಿಲ್ಲ.

ಮೂರು ಗಂಟೆಗೆ ಹೆಂಡತಿ ಷೆಡ್ಡಿಗೆ ಬಂದಳು. ಅವಳು ಮನೆಯಲ್ಲಿ ಹೊಲಿಗೆ ಹಾಕುವವಳು, ದಡದವರ ಹರಿದ ಲೈಫ್ ಜಾಕೆಟ್‌ಗಳೆಲ್ಲ ಅವಳ ಮಷೀನಿನ ಕೆಳಗೆ ಹಾದುಹೋಗಿವೆ.

"ಮನೆ ಕಸ ಎಳೆಯೋ ಮಷೀನು ಎಲ್ಲಿ ಅಂತ ಹುಡುಕಿ ಹುಡುಕಿ ಸಾಕಾಯ್ತು. ಇಲ್ಲಿ ತಂದಿಟ್ಕೊಂಡಿದೀರ?" ಅಂದಳು.

"ಬೇಕಿತ್ತು ಕಣೇ. ಇದರ ಪೈಪನ್ನ ತಿರುಗಿಸಿ ಹಾಕಿದ್ರೆ ಗಾಳಿ ಊದುತ್ತೆ. ಗಾಡಿ ಒಳಗೆ ಗಾಳಿ ತುಂಬಿಸಿ, ಹೊರಗೆ ಸೋಪು ನೀರು ಹೊಡಿಬೇಕು. ಎಲ್ಲಿ ತೂತಿದೆಯೋ ಅಲ್ಲಿ ಗುಳ್ಳೆ ಬರುತ್ತೆ."

"ನಿಮ್ಮ ಬೆರಳು ಏನಾಯ್ತು? ಇಂಥದ್ದೆಲ್ಲ ಬೆರಳಿಲ್ಲದವರಿಗೆ ಅಂತಿದ್ರಿ."

ಅವಳು ತಮಾಷೆಗೆ ಅಂದದ್ದು. ಮೇಸ್ತ್ರಿ ಬಲಗೈ ಹಿಂದಕ್ಕೆಳೆದುಕೊಂಡ. "ಸುಮ್ನೆ ಬಾಟ್ಲಿ ಹಿಡ್ಕೊ" ಎಂದು ಗದರಿದ.

ಅವನು ಮುಚ್ಚಳ ಬಿಗಿದು, ಸಂದುಗಳಿಗೆಲ್ಲ ಬಟ್ಟೆ ತುರುಕಿ ಗಾಳಿ ಬಿಟ್ಟ. ಅವಳು ಹೇಳಿದ ಕಡೆಯೆಲ್ಲ ಸೋಪು ನೀರು ಹೊಡೆದಳು. ಹಿಡಿಯ ಬುಡ, ಮುಂಭಾಗ, ಪೈಪು ಹೊರಬರುವ ಕಡೆ, ಎಲ್ಲಿಯೂ ಒಂದು ಗುಳ್ಳೆಯಿಲ್ಲ. ಇನ್ನು ಹುಡುಕಲು ಜಾಗವೇ ಉಳಿದಿರಲಿಲ್ಲ. ನಾಳೆ ಬೆಳಗಾದರೆ ಸ್ಪರ್ಧೆ, ಈ ದರಿದ್ರ ಗಾಡಿಯನ್ನು ಎತ್ತಿ ಕಸಕ್ಕೆ ಹಾಕಬೇಕು ಅನ್ನಿಸಿತು. ಅವಳಾದರೋ ಬಗ್ಗಿ, ತಳದ ಕಡೆ, ಶಾಫ್ಟ್ ಹೊರಬರುವಲ್ಲಿಗೆ ಬಾಟಲಿ ಚಾಚಿದಳು.

"ಅಲ್ಲಿ ಬೇಡ. ಅಲ್ಲಿ ಸರಿಯಾಗಿದೆ, ನಾನೇ ಹಾಕಿದ್ದು."

ಅಷ್ಟರಲ್ಲಿ ಹೊಡೆದಾಗಿತ್ತು. "ರೀ, ಬಗ್ಗಿ ನೋಡಿ ಇಲ್ಲಿ" ಅಂದಳು.

ಶಾಫ್ಟಿನ ಸುತ್ತ ಹಾಲು ಉಕ್ಕಿದ ಹಾಗೆ ನೊರೆ ಉಕ್ಕುತ್ತಿತ್ತು.

ಶಾಫ್ಟ್ ಎಳೆದು ಸೀಲು ತೆಗೆಯಲು ಒಂದು ಗಂಟೆ ಹಿಡಿಯಿತು. ಹೊರಗಿನ ಬೆಳಕಿಗೆ ಹಿಡಿದು ನೋಡಿದ. ಒಳ ಅಂಚು ಕಾಲು ಭಾಗದಷ್ಟು ಮಡಚಿಕೊಂಡು ಒಳಕ್ಕೆ ಹೊರಳಿತ್ತು. ಇದು ಸಣ್ಣ ಮಡಿಕೆಯಲ್ಲ, ಕಣ್ಣಿಲ್ಲದವನಿಗೂ ತಡವಿದರೆ ಸಿಗುವಂಥದ್ದು. ಅದರ ಮೇಲೆ ಅವನು ಐದು ಸಲ ಬೆರಳಾಡಿಸಿದ್ದ. ಈಗಲೂ ಬೆರಳಿಟ್ಟ. ಕಣ್ಣಿಗೆ ಕಾಣುತ್ತಿತ್ತು, ಬೆರಳಿಗೆ ಏನೂ ಇರಲಿಲ್ಲ. ಮೇಸ್ತ್ರಿ ಸೀಲನ್ನು ಹೆಂಡತಿಯ ಕೈಗೆ ಕೊಟ್ಟ.

"ನನ್ನ ಬೆರಳು ಸತ್ತುಹೋಗಿದೆ ಕಣೇ" ಅಂದ.

ಹೆಂಡತಿ ಅವನ ಬಲಗೈ ಎಳೆದುಕೊಂಡು, ಸೆರಗಿನ ಪಿನ್ನು ತೆಗೆದು ತೋರುಬೆರಳಿನ ತುದಿಗೆ ಚುಚ್ಚಿದಳು. ರಕ್ತ ಬಂತು. ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ. ಅವಳು ಸೆರಗಿನಿಂದ ಆ ರಕ್ತ ಒತ್ತಿ ಹಿಡಿದಳು.

ಆಗಲೇ ಫೋನ್ ಬಂತು. ಅಣ್ಣನ ಮಗಳು.

"ಚಿಕ್ಕಪ್ಪ, ಐದು ಗಂಟೆಯೊಳಗೆ ಹೆಸರು ವಾಪಸ್ ತಗೋಬಹುದಂತೆ. ತಗೋತಾ ಇದೀನಿ. ನೀವು ಹೇಳಿದ್ದೇ ಸರಿ. ನನಗೆ ಇನ್ನೂ ನಿಲ್ಲೋಕೆ ಬರಲ್ಲ."

ಗಂಟೆ ನಾಲ್ಕೂವರೆ ಆಗಿತ್ತು. 'ಹೂಂ' ಅಂದಿದ್ದರೆ ಮುಗಿಯುತ್ತಿತ್ತು. ಹೊಸ ಸೀಲು ಹಾಕಿ, ಎಂಥದೋ ಸಬೂಬು ಹೇಳಿ, ಮೂವತ್ತೊಂದು ವರ್ಷದ ಹೆಸರನ್ನು ಹಾಗೇ ಉಳಿಸಿಕೊಳ್ಳಬಹುದಿತ್ತು. ಆ ಆಸೆ ಅವನ ಗಂಟಲ ತನಕ ಬಂತು, ಸುಳ್ಳು ಯಾಕೆ ಹೇಳಲಿ.

"ತಗೋಬೇಡ ಮಗಳೇ," ಅಂದ. "ನೀರು ಬರ್ತಾ ಇದ್ದಿದ್ದು ನಿನ್ನಿಂದಲ್ಲ. ಸೀಲು ನಾನೇ ತಪ್ಪಾಗಿ ಹಾಕಿದ್ದೆ. ನನಗೆ ಬೆರಳಿಗೆ ಏನೂ ಗೊತ್ತಾಗ್ತಿಲ್ಲ."

"ಯಾವಾಗಿಂದ?"

"ಏಳೆಂಟು ತಿಂಗಳಾಯ್ತು."



"ಅವತ್ತು ನೀರಲ್ಲಿ ನನಗೆ ಕೈಕಾಲು ಸೋತುಹೋಗಿತ್ತು ಚಿಕ್ಕಪ್ಪ. ದಡಕ್ಕೆ ಬಂದು ನಿಮ್ಮ ಹತ್ರ ಬೈಸ್ಕೊಂಡೆ."

"ಗೊತ್ತು ಮಗಳೇ. ತಪ್ಪಾಯ್ತು."

"ನನಗೇನೋ ಈಜೋಕೆ ಬರುತ್ತೆ," ಅಂದಳು ಅವಳು. "ಈ ಏಳೆಂಟು ತಿಂಗಳಲ್ಲಿ ಇನ್ನೆಷ್ಟು ಗಾಡಿಗೆ ಸೀಲು ಹಾಕಿದೀರಿ?"

ಇಷ್ಟು ಹೊತ್ತೂ ಅವನು ತನ್ನ ಕೈಯ ಬಗ್ಗೆ ಮರುಗುತ್ತಿದ್ದ, ತನ್ನ ಹೆಸರಿನ ಬಗ್ಗೆ ಮರುಗುತ್ತಿದ್ದ. ಈ ಲೆಕ್ಕ ಅವನ ತಲೆಗೆ ಹೊಳೆದೇ ಇರಲಿಲ್ಲ. ಗಾಡಿಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ನೀಲಿಯದು, ಮೂತಿ ಒಡೆದದ್ದು, ಡಾಕ್ಟರ ಮಗನದು, ಅಣ್ಣತಮ್ಮಂದಿರ ಎರಡು, ಬೇಕರಿಯವನ ಹಳದಿಯದು.

"ಹನ್ನೊಂದು," ಅಂದ. ಎರಡು ಸಲ ಹೇಳಬೇಕಾಯಿತು.

"ಮೊದಲು ಅವರಿಗೆಲ್ಲ ಫೋನ್ ಮಾಡಿ. ನನ್ನ ಗಾಡಿಗೆ ಚಿಕ್ಕಮ್ಮನ ಕೈಯಲ್ಲಿ ಸೀಲು ಹಾಕಿಸಿ. ನಾನು ಬೆಳಗ್ಗೆ ಆರಕ್ಕೆ ಬರ್ತೀನಿ" ಎಂದು ಫೋನ್ ಇಟ್ಟುಬಿಟ್ಟಳು.

ಹೆಂಡತಿ ಆಗಲೇ ಹೊಸ ಸೀಲಿನ ಪೊಟ್ಟಣ ಒಡೆದಿದ್ದಳು. ಗ್ರೀಸ್ ಎಷ್ಟು ಹಚ್ಚಬೇಕು, ಶಾಫ್ಟಿನ ಹಲ್ಲು ತಾಗದ ಹಾಗೆ ಅದಕ್ಕೆ ಟೇಪು ಎಲ್ಲಿ ಸುತ್ತಬೇಕು, ಅಂಚು ಯಾವ ಕಡೆಗೆ ಇರಬೇಕು ಎಂದು ಅವನು ಹೇಳಿಕೊಟ್ಟ. ಬಟ್ಟೆಯ ಮಡಿಕೆ ತಡವಿ ತಡವಿ ಪಳಗಿದ ಅವಳ ಬೆರಳುಗಳು ಎಂಜಿನ್ನಿನ ಹಿಂದಿನ ಸಂದಿಗೆ ಹೋದವು. ಅವನು ಫೋನ್ ತೆಗೆದುಕೊಂಡು ಬೇಕರಿಯವನ ನಂಬರು ಒತ್ತಿದ. ಬೇಕರಿಯವನದು ಕೂತು ಓಡಿಸುವ ಗಾಡಿ, ಅವನಿಗೆ ಈಜು ಬಾರದು, ಜೊತೆಗೆ ಆರು ವರ್ಷದ ಮಗಳನ್ನು ಮುಂದೆ ಕೂರಿಸಿಕೊಂಡು ಹೋಗುವ ಚಟ.

ಎತ್ತಿದ್ದು ಬೇಕರಿಯವನ ಹೆಂಡತಿ. "ಅವರು ಮಗಳನ್ನ ಕೂರಿಸ್ಕೊಂಡು ನೀರಿಗೆ ಇಳಿದಿದಾರೆ. ಬಂದಮೇಲೆ ಹೇಳ್ಲಾ?"

"ಬೇಡಮ್ಮ, ಈಗಲೇ ಕರೀರಿ. ಗಾಡೀಲಿ ನೀರು ತುಂಬುತ್ತೆ. ನಾನು ಕೆಲಸ ಕೆಡಿಸಿದೀನಿ. ಫೋನ್ ಇಡಬೇಡಿ, ನಾನು ಕಾಯ್ತೀನಿ."

ಫೋನಿನಲ್ಲಿ ಅವಳು ಓಡುವ ಸದ್ದು, ಗಾಳಿಯ ಸದ್ದು. "ರೀ... ಇಲ್ಲಿ ಬನ್ನಿ... ರೀ..." ಉತ್ತರವಿಲ್ಲ. ಮತ್ತೆ ಕೂಗಿದಳು. ಈಗ ಅವಳ ದನಿ ಒಡೆದಿತ್ತು. ಮೇಸ್ತ್ರಿ ಕಣ್ಣು ಮುಚ್ಚಿಕೊಂಡು, ಫೋನನ್ನು ಕಿವಿಗೆ ಒತ್ತಿ ಹಿಡಿದು, ಯಾವತ್ತೂ ಬೇಡಿಕೊಳ್ಳದವನು ಬೇಡಿಕೊಂಡ. ಎಷ್ಟು ಹೊತ್ತೋ ಏನೋ. ಆಮೇಲೆ ಎಂಜಿನ್ನಿನ ಸದ್ದು ಹತ್ತಿರವಾಯಿತು, ದಡಕ್ಕೆ ತಾಗಿ ನಿಂತಿತು. ಒಂದು ಮಗುವಿನ ದನಿ, "ಯಾಕಮ್ಮ ಕರೆದೆ, ಇನ್ನೂ ಒಂದು ಸುತ್ತು ಇತ್ತು" ಎಂದು ಜಗಳ ತೆಗೆಯಿತು.

ಮೇಸ್ತ್ರಿ ಗೋಡೆಗೆ ಮುಖ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತ. ಹೆಂಡತಿ ಎದ್ದು ಬರಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡು ಸೀಲಿನ ಅಂಚಿನ ಸುತ್ತ ಬೆರಳಾಡಿಸುತ್ತಿದ್ದಳು.

"ಮುಂದಿನವರಿಗೆ ಫೋನ್ ಮಾಡಿ" ಅಂದಳು.